ಹೆಪ್ಪು ಕೇಳಲು ಬಂದವರು

ಬದುಕಿನ ಅರ್ಥವೇನು ಎಂಬ ಪ್ರಶ್ನೆ ನನಗೆ ಸಾಮಾನ್ಯವಾಗಿ ಊಟವಾದ ಮೇಲೆ ಬರುತ್ತದೆ; ಹಸಿದಾಗ ಒಮ್ಮೆಯೂ ಬಂದದ್ದಿಲ್ಲ. ಉಪನಿಷತ್ತಿನ ಋಷಿಗಳು ಕಾಡಿನಲ್ಲಿ ಕೂತು ಕೇಳಿದರು, ಬುದ್ಧ ಅರಮನೆ ಬಿಟ್ಟು ಹೋಗಿ ಕೇಳಿದ. ನಾನು ಶಹಾಪುರದ ಬಾಡಿಗೆ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೇಳುತ್ತೇನೆ. ಉತ್ತರಕ್ಕಿಂತ ಮೊದಲು ನಿದ್ದೆ ಬರುತ್ತದೆ. ಆದರೂ ಮಾಸ್ತರನಾದ್ದರಿಂದ ಇದೇ ವಿಷಯದ ಮೇಲೆ ಸುರಪುರದಲ್ಲಿ ಉಪನ್ಯಾಸ ಕೊಟ್ಟು ಶಾಲು ಹೊದ್ದು ಬಂದವನು ನಾನು.

ಎದುರು ಮನೆಯ ಮುದುಕಿ ನೀಲಮ್ಮಾಯಿಗೆ ತಂಗಿಯೊಬ್ಬಳೇ ಜೊತೆ. ಆ ತಂಗಿ ತೀರಿಕೊಂಡ ಮೇಲೆ ಆಯಿ ಹಾಲು ತರಿಸುವುದನ್ನೇ ಬಿಟ್ಟಳು. ಗೋಡೆಗೆ ಮುಖ ಮಾಡಿ ಕೂತಳೆಂದರೆ ಕೂತಳು. ಓಣಿಯವರು ಕೊಟ್ಟ ರೊಟ್ಟಿ ತಾಟಿನಲ್ಲೇ ಒಣಗುತ್ತಿತ್ತು. ಹೀಗೇ ಆದರೆ ಆಯಿ ಈ ಬೇಸಿಗೆ ದಾಟುವುದಿಲ್ಲ ಎಂದು ಎಲ್ಲರಿಗೂ ಹೆದರಿಕೆ. ನಾನು ಹೋಗಿ ಸುರಪುರದ ಉಪನ್ಯಾಸವನ್ನೇ ಇನ್ನೊಮ್ಮೆ ಒಪ್ಪಿಸಿದೆ. ಆಯಿ ಗೋಡೆ ನೋಡುತ್ತಲೇ ಇದ್ದಳು. ಗೋಡೆಯಾದರೂ ಒಂದಿಷ್ಟು ಕೇಳಿಸಿಕೊಂಡಿರಬೇಕು.

ಮರುದಿನ ನನ್ನ ಹೆಂಡತಿ ಬಟ್ಟಲು ಹಿಡಿದು ಹೋದಳು. ನಮ್ಮ ಮನೆಯಲ್ಲಿ ಮೊಸರು ಕೆಟ್ಟಿದೆ, ಹೆಪ್ಪಿಗೆ ಒಂದು ಚಮಚ ಬೇಕಿತ್ತು ಎಂದಳು. ಆಯಿಯ ಮನೆಯಲ್ಲಿ ಇರಲಿಲ್ಲ. ಹಾಗಾದರೆ ನಾಳೆ ಬರುತ್ತೇನೆ ಎಂದು ಎದ್ದು ಬಂದಳು. ನಮ್ಮ ಓಣಿಯಲ್ಲಿ ಹೆಪ್ಪು ಕೇಳಲು ಬಂದವರನ್ನು ಎರಡು ಸಲ ಬರಿಗೈಲಿ ಕಳಿಸುವುದೆಂದರೆ ಮರ್ಯಾದೆಯ ಪ್ರಶ್ನೆ. ಆಯಿ ಎದ್ದು ಹಾಲು ತರಿಸಿದಳು. ಆಮೇಲೆ ದಿನಕ್ಕೊಬ್ಬಳಂತೆ ಒಂದೊಂದು ಮನೆಯವಳು ಬಟ್ಟಲು ತಂದಳು. ದೀಪ ಹಚ್ಚಿದ ಮೇಲೆ ಮೊಸರು ಹೊರಗೆ ಕೊಡುವಂತಿಲ್ಲವಾದ್ದರಿಂದ ಎಲ್ಲರೂ ಹೊತ್ತಿರುವಾಗಲೇ ಬರುತ್ತಿದ್ದರು. ಹಾಲು ಬಂತೆಂದು ಚಹಾ ಆಯಿತು, ಮೊಸರು ಇದೆಯೆಂದು ರೊಟ್ಟಿ ಆಯಿತು. ಕಾಲುವೆಯ ಕಡೆಯಿಂದ ಎಮ್ಮೆ ಹಾಲು ತರುವವನನ್ನು, ನೀರು ಬೆರೆಸಿದ್ದೀ ಎಂದು ಆಯಿ ಓಣಿಗೆಲ್ಲ ಕೇಳುವಂತೆ ಬೈದ ದಿನ, ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಒಂದು ಸಭೆ ಇಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆ ಇಲ್ಲ. ಈ ಹೆಂಗಸರ ಬಗ್ಗೆ ನನಗೆ ತುಂಬಾ ಹೆಮ್ಮೆಯಾಯಿತು.

ಇಂಥ ಒಳ್ಳೆಯ ಕೆಲಸ ಕೆಡಿಸಲು ಓದಿದವನೊಬ್ಬ ಬೇಕಲ್ಲ. ಒಂದು ಸಂಜೆ, ದೀಪ ಹಚ್ಚುವ ಮುಂಚೆ, ಆಯಿ ನನ್ನ ಹೆಂಡತಿಯ ಜೊತೆಗೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಾನು ಉಪಚಾರದ ಭರದಲ್ಲಿ ತಂಬಿಗೆ ತುಂಬ ಮಜ್ಜಿಗೆ ತಂದಿಟ್ಟು, ಮನೆಯಲ್ಲಿ ಗಡಿಗೆ ತುಂಬ ಮೊಸರಿದೆ, ಸಂಕೋಚ ಬೇಡ ಎಂದೆ. ಆಗಷ್ಟೇ ಆಯಿಯ ಮನೆಯಿಂದ ಹೆಪ್ಪು ತಂದಿದ್ದ ಹೆಂಡತಿ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಆಯಿ ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರೆ ಏನು ಗತಿ ಎಂದು ಹೆದರಿದೆ.

ಆಯಿ ನಿಧಾನವಾಗಿ ಮಜ್ಜಿಗೆ ಕುಡಿದು ಮುಗಿಸಿದಳು.

"ಓಣ್ಯಾಗ ಎಲ್ಲಾರ ಮನಿ ಮೊಸರೂ ಕೆಡತದಂದ್ರ ನಂಬಾಕ ನಾ ಏನು ಸಣ್ಣಾಕಿ ಏನು ತಮ್ಮಾ? ಎಂದೋ ಗೊತ್ತಾಗ್ಯದ," ಎಂದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಮಗಳನ್ನ ಗಂಡನ ಮನಿಗಿ ಕಳಿಸಿದಾಗಿಂದ ಮೂಲಿಮನಿ ಮಲ್ಲಮ್ಮ ಒಲಿ ಹಚ್ಚವಲ್ಲಳು. ನಾಳಿಯಿಂದ ಆಕಿ ಮನಿಗಿ ಹೋಗ್ರಿ," ಎಂದಳು.

ಕೆಡಿಸಲು ಹೊರಟವನಿಗೆ ಶಿಕ್ಷೆ ಬೇಡವೇ? ಮೊದಲ ದಿನ ನನ್ನನ್ನೇ ಕಳಿಸಿದರು. ಬಟ್ಟಲು ಹಿಡಿದು ಮಲ್ಲಮ್ಮನ ಬಾಗಿಲಲ್ಲಿ ನಿಂತೆ. ಉಪನ್ಯಾಸದಲ್ಲಿ ತಡವರಿಸದವನು ಒಂದು ಚಮಚ ಹೆಪ್ಪು ಕೇಳಲು ಮೂರು ಸಲ ಕೆಮ್ಮಿದೆ. ಬಾಡಿದ ಮುಖದ ಮಲ್ಲಮ್ಮ ಒಳಗೆ ನೋಡಿದಳು, ತಣ್ಣಗಿದ್ದ ಒಲೆ ನೋಡಿದಳು, ನನ್ನ ಬಟ್ಟಲು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಇವತ್ತ ಇಲ್ರಿ ಸರ್. ನೀಲಮ್ಮಾಯಿ ಕಡಿಂದ ಒಂದೀಟು ಹೆಪ್ಪು ಇಸ್ಕೊಂಡು ಹಾಲಿಗಿ ಹಾಕ್ತೀನಿ. ನಾಳಿ ಬರ್ರಿ."

ಆಯಿಯ ಮನೆಗೆ ನೀವೇ ಹೋಗಬಹುದಿತ್ತಲ್ಲ ಎಂದು ಅವಳು ಕೇಳಲಿಲ್ಲ. ನಾಳೆ ಖಂಡಿತ ಬರುತ್ತೇನೆ ಎಂದು ಹೇಳಿ, ಖಾಲಿ ಬಟ್ಟಲನ್ನು ಶಾಲಿಗಿಂತ ಜೋಪಾನವಾಗಿ ಹಿಡಿದುಕೊಂಡು ಮನೆಗೆ ಬಂದೆ.