ಕಾಸಿಲ್ದಾ ಕಸೂತಿ ಹಾಕಿದ ಹೊದಿಕೆ

ಸೆವಿಲ್ಲಾದ ಕಾಸಿಲ್ದಾಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ನಲವತ್ತನ್ನು ಜರಿ ಕಸೂತಿಯ ಮೇಲೆ ಬಗ್ಗಿಕೊಂಡೇ ಕಳೆದವಳು. ಈಗ ನೆಟ್ಟಗೆ ನಿಂತರೂ ನೆಲದ ಮೇಲೆ ಸೂಜಿ ಹುಡುಕುವವಳಂತೆ ಕಾಣುತ್ತಾಳೆ. ಮದುವೆಯಾಗಲಿಲ್ಲ, ಯಾರನ್ನೂ ಏನನ್ನೂ ಕೇಳಿದವಳಲ್ಲ. ಅಂಥವಳು ಈ ವಸಂತದಲ್ಲಿ ಬಾಯಿಬಿಟ್ಟು ಗೆಳತಿಯರನ್ನು ಕೇಳಿದಳು: ಮ್ಯಾಡ್ರಿಡ್‌ಗೆ ಹೋಗಿಬರೋಣವೇ?

ಅಲ್ಲೊಂದು ಮ್ಯೂಸಿಯಮ್ಮಿನಲ್ಲಿ ಗೂಳಿಕಾಳಗದವರ ಉಡುಪುಗಳ ಪ್ರದರ್ಶನವಿತ್ತು. ಕಣಕ್ಕೆ ಇಳಿಯುವ ಮುನ್ನ ಅವರು ಭುಜಕ್ಕೆ ಸುತ್ತಿಕೊಂಡು ಬರುವ ರೇಷ್ಮೆಯ ಹೊದಿಕೆಗಳಲ್ಲಿ ಒಂದಕ್ಕೆ, ಹತ್ತೊಂಬತ್ತರ ಹರೆಯದಲ್ಲಿ, ಕಾಸಿಲ್ದಾ ಕಸೂತಿ ಕಾರ್ಖಾನೆಯೊಂದರಲ್ಲಿ ಏಳು ತಿಂಗಳು ಕೂತು ಗುಲಾಬಿಗಳನ್ನು ಹಾಕಿದ್ದಳು. ಭಾನುವಾರ ಕಡೆಯ ದಿನ. ಆಮೇಲೆ ಅದು ಮತ್ತೆ ಯಾರೋ ಸಿರಿವಂತರ ಬೀರು ಸೇರುತ್ತದೆ.

ತ್ರಿನಿ ಮತ್ತು ಎಂಕಾರ್ನಾ ತಕ್ಷಣ ಒಪ್ಪಿದರು. ಮೀನಿನಂಗಡಿ ನಡೆಸಿ ಹಳಬಳಾದ ತ್ರಿನಿಗೆ ಊರು ಸುತ್ತುವುದೆಂದರೆ ಪ್ರಾಣ. ಎಂಕಾರ್ನಾಗೆ ಮಂಡಿನೋವು, ಆದರೆ ತನ್ನನ್ನು ಬಿಟ್ಟು ಹೋದರೆ ಅದಕ್ಕಿಂತ ಹೆಚ್ಚು ನೋವು.

ಶನಿವಾರವೆಲ್ಲ ಅರಮನೆ, ಚೌಕ, ಅಂಗಡಿ ಬೀದಿ ಎಂದು ಕಳೆದುಹೋಯಿತು. ಭಾನುವಾರ ಬೆಳಿಗ್ಗೆ ಕಾಸಿಲ್ದಾ ಎಂಟಕ್ಕೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಉಳಿದಿಬ್ಬರು ಹತ್ತಕ್ಕೆ ಎದ್ದರು. ಬಿಸಿ ಚಾಕೊಲೇಟಿನಲ್ಲಿ ಚುರ್ರೋ ಅದ್ದಿ ತಿನ್ನುತ್ತ ಒಂದು ಗಂಟೆ. ಸಂತೆ ಬೀದಿಯಲ್ಲಿ ತ್ರಿನಿ ಒಂದು ಬೀಸಣಿಗೆಗೆ ಚೌಕಾಸಿ ಮಾಡಿ, ಜಗಳಾಡಿ, ರಾಜಿಯಾಗಿ, ಕೊನೆಗೆ ಕೊಳ್ಳದೆ ಬಂದದ್ದಕ್ಕೆ ಇನ್ನೊಂದು ಗಂಟೆ. ಆಮೇಲೆ ವರ್ಮುತ್ ವೈನ್ ಕುಡಿಯದೆ ಭಾನುವಾರ ಆಗುತ್ತದೆಯೇ? ಕೂತರು. ಆಲಿವ್ ಬಂತು, ಮಾತು ಬಂತು, ಪಕ್ಕದ ಮೇಜಿನವರ ಸಂಸಾರವೆಲ್ಲ ಬಂತು. ಕಾಸಿಲ್ದಾ ಗಡಿಯಾರ ನೋಡಿದಳು, ಕೆಮ್ಮಿದಳು, ಎದ್ದು ನಿಂತು ಮತ್ತೆ ಕೂತಳು. ಮೂರಕ್ಕೆ ಮುಚ್ಚುತ್ತಾರೆ ಎಂದು ಮೂರನೆಯ ಸಲ ಹೇಳಿದಾಗ ತ್ರಿನಿ ನಕ್ಕಳು.

“ಅದೇನು ಓಡಿಹೋಗತ್ತೇನೇ? ನೀನೇ ಮಾಡಿದ್ದಲ್ವಾ, ಕಣ್ಣು ಮುಚ್ಚಿದ್ರೂ ಕಾಣತ್ತೆ ನಿಂಗೆ. ಆಲಿವ್ ತಿನ್ನು.”

ಕಾಸಿಲ್ದಾ ತಿಂದಳು. ಇದೇ ಅವಳ ದೊಡ್ಡ ದೋಷ.

ಮ್ಯೂಸಿಯಮ್ ತಲುಪಿದಾಗ ಎರಡು ಗಂಟೆಗೆ ಹತ್ತು ನಿಮಿಷ ಬಾಕಿ. ಬಾಗಿಲ ಮುಂದೆ ಒಂದಷ್ಟು ಜನ ಹಗ್ಗದ ಸಾಲಿನಲ್ಲಿದ್ದರು, ಬಾಕಿಯವರು ಮರದ ನೆರಳಿನಲ್ಲಿ ಚದುರಿದ್ದರು. ತ್ರಿನಿ ತನ್ನ ಮಾರುಕಟ್ಟೆಯ ಗಂಟಲಲ್ಲಿ, ಕಡೆಯವರು ಯಾರೆಂದು ಕೇಳಿದಳು. ಹುಲ್ಲಿನ ಟೋಪಿ ಹಾಕಿದವನೊಬ್ಬ ಬೆರಳೆತ್ತಿದ. ಮುಗಿಯಿತು, ಅವನ ಹಿಂದೆ ಇವರು. ಮೀನಂಗಡಿಯಾಗಲಿ ಡಾಕ್ಟರ ಮನೆಯಾಗಲಿ, ಊರಿನಲ್ಲಿ ಎಲ್ಲಿ ಹೋದರೂ ಹೀಗೇ. ಮುಂದಿನವರ ಮುಖ ನೆನಪಿಟ್ಟುಕೊಂಡರೆ ಸಾಕು, ಜಾಗ ಎಲ್ಲೂ ಹೋಗುವುದಿಲ್ಲ. ಎಂಕಾರ್ನಾಳ ಮಂಡಿಗಾಗಿ ಮೂವರೂ ಕಲ್ಲುಬೆಂಚಿನ ಮೇಲೆ ಕೂತರು.

ಬೆನ್ನಿಗೆ ಚೀಲ ಹಾಕಿದ ಹುಡುಗ ಹುಡುಗಿಯರ ಗುಂಪುಗಳು ಬಂದವು, ಯಾರನ್ನೂ ಕೇಳದೆ ಹಗ್ಗದೊಳಗೆ ಹೊಕ್ಕವು. ಹೋಗಿ ನಿಲ್ಲೋಣ ಎಂದಳು ಕಾಸಿಲ್ದಾ. ಟೋಪಿಯವನು ಇಲ್ಲೇ ಇದ್ದಾನಲ್ಲ, ಅವನ ಸರದಿ ಬಂದಾಗ ನಮ್ಮದು ಎಂದಳು ತ್ರಿನಿ. ಎಂಕಾರ್ನಾ ಅತ್ತಿಗೆಯ ಆಪರೇಶನ್ನಿನ ಕಥೆ ತೆಗೆದಳು. ಕಥೆ ಮುಗಿದು ತಲೆಯೆತ್ತಿದರೆ ಟೋಪಿಯವನು ಇಲ್ಲ. ಕಾದು ಬೇಸತ್ತು ಊಟಕ್ಕೆ ಎದ್ದು ಹೋಗಿದ್ದ, ತನ್ನ ಮುಂದೆ ಯಾರಿದ್ದರೆಂದು ಒಂದು ಮಾತು ಹೇಳದೆ.

ಮೂವರೂ ಬಾಗಿಲಿಗೆ ಧಾವಿಸಿದರು. ಕಾವಲಿನವನು ಆಗಷ್ಟೇ ಹಗ್ಗ ಎಳೆದು ಕೊಕ್ಕೆ ಹಾಕುತ್ತಿದ್ದ. ಎರಡೂವರೆಯ ನಂತರ ಒಳಗೆ ಬಿಡುವಂತಿಲ್ಲ ಎಂದ. ತಾವು ಹುಲ್ಲಿನ ಟೋಪಿಯವನ ಹಿಂದೆ ಇದ್ದವರೆಂದು ತ್ರಿನಿ ವಾದಿಸಿದಳು. ಅವನಿಗೆ ಟೋಪಿಯೂ ಗೊತ್ತಿಲ್ಲ, ಹಿಂದೆಯೂ ಗೊತ್ತಿಲ್ಲ. ಸಾಲೆಂದರೆ ನಿಂತವರದ್ದು, ಕೂತವರದ್ದಲ್ಲ ಎಂದ. ಕಾಸಿಲ್ದಾ ಮುಂದೆ ಬಂದಳು.

“ಒಳಗಿರೋ ಒಂದು ಹೊದಿಕೆ ಮೇಲಿರೋದು ನಾನು ಹಾಕಿದ ಕಸೂತಿ ಕಣಪ್ಪ. ಐದೇ ನಿಮಿಷ.”

ಅವನು ಕೆಟ್ಟವನಲ್ಲ. ಆದರೆ ದಿನಕ್ಕೆ ಹತ್ತು ಜನ ಹತ್ತು ಕಥೆ ಹೇಳುವುದನ್ನು ಕೇಳಿದವನು. ಹೊದಿಕೆಗಳ ಪಕ್ಕ ಬರೆದಿರುವುದು ಕಾರ್ಖಾನೆಯ ಯಜಮಾನರ ಹೆಸರು ಅಮ್ಮಾ ಎಂದ, ಮೆತ್ತಗೇ ಹೇಳಿದ, ಬಾಗಿಲು ಎಳೆದುಕೊಂಡ.

ಐದರ ರೈಲಿನಲ್ಲಿ ಕಾಸಿಲ್ದಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗೆಳತಿಯರ ಮೇಲೆ ಸಿಟ್ಟಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು: ಎಂಟು ಗಂಟೆಗೆ ಒಬ್ಬಳೇ ಹೊರಟುಬಿಡಬೇಕಿತ್ತು. ಎಂಕಾರ್ನಾ ನಿದ್ದೆ ಹೋದಂತೆ ನಟಿಸಿದಳು. ತ್ರಿನಿ ಕೊಟ್ಟ ಕಿತ್ತಳೆಯನ್ನು ಕಾಸಿಲ್ದಾ ಮುಟ್ಟಲಿಲ್ಲ. ಬಯಲುಗಳು ಹಿಂದೆ ಹೋಗುತ್ತಲೇ ಇದ್ದವು. ಬಹಳ ಹೊತ್ತಿನ ಮೇಲೆ, ಸಮಾಧಾನ ಮಾಡುವ ದಾರಿ ಹುಡುಕುತ್ತ, ತ್ರಿನಿ ಅಂಜುತ್ತಲೇ ಬಾಯಿ ತೆರೆದಳು.

“ಹೋಗ್ಲಿ ಬಿಡೇ. ಹೇಗಿತ್ತು ಅದು, ನೀನೇ ಹೇಳು. ನಿನ್ ಬಾಯಲ್ಲಿ ಕೇಳಿದ್ರೆ ನಾವೂ ನೋಡ್ದಂಗೆ.”

“ಗೊತ್ತಿಲ್ಲ,” ಅಂದಳು ಕಾಸಿಲ್ದಾ. “ಚೌಕಟ್ಟಿಗೆ ಸುತ್ತಿರ್ತಿತ್ತು ಬಟ್ಟೆ. ಒಂದು ಗೇಣು ಬಿಚ್ಚೋರು, ಆ ಗೇಣು ಮುಗಿದ್ರೆ ಸುತ್ತಿ ಇನ್ನೊಂದು ಗೇಣು ಬಿಚ್ಚೋರು. ಪೂರ್ತಿ ಹರಡಿದ ದಿನ ಯಜಮಾನ್ರು ನಮ್ಮನ್ನ ಒಳಗೆ ಕರೀಲಿಲ್ಲ. ನಾನು ಅದನ್ನ ನೋಡೇ ಇಲ್ಲ ಕಣೇ.”