ದುರುಗವ್ವ ಪೆಟ್ಟಿಗಿ ನೋಡಾಕ ಬಂದಿದ್ದು

ಹೆಣದ ಪೆಟ್ಟಿಗಿಗೆ ಅಳತಿ ಕೊಡಾಕ ಸತ್ತವರ ಮನ್ಯಾವ್ರು ಬರ್ತಾರ. ಆದ್ರ ದೇವದುರ್ಗದಾಗಿನ ನನ್ನ ಬಡಿಗಿ ಅಂಗಡಿಗೆ ಜಾಲಹಳ್ಳಿ ದುರುಗವ್ವ ತಾನ ಬಂದು, ತನಗಂತ ಪೆಟ್ಟಿಗಿ ಮಾಡಾಕ ಹೇಳಿದ್ಲು. ಅರವತ್ತೈದು ದಾಟಿದ ಮ್ಯಾಲೆ ದೀಕ್ಷಾಸ್ನಾನ ಆಗಿ ಕಿರಿಸ್ತಾನ ಆದಾಕಿ.

ಮುಚ್ಚಳ ಅಷ್ಟ ಉಳಿದಿತ್ತು. ಮಟಮಟ ಮಧ್ಯಾಹ್ನ ನೋಡಾಕ ಬಂದಾಕಿ ಚಪ್ಪಲಿ ಬಿಟ್ಟು ಪೆಟ್ಟಿಗ್ಯಾಗ ಮಲಗೇಬಿಟ್ಲು.

“ಯವ್ವಾ, ಏಳಬೇ, ಹಂಗ ಮಲಗಬಾರ್ದು,” ಅಂದೆ.

“ಗಂಡ ಸತ್ತಾಗಿಂದ ಸಾವಂದ್ರ ಎದಿ ಡವಡವ ಅಂತಿತ್ತಪ, ಕಣ್ಣು ಹತ್ತತಿದ್ದಿಲ್ಲ. ಯೇಸಪ್ಪನ್ನ ನಂಬಿದ ಮ್ಯಾಲೆ ಅಂಜಿಕಿ ಹೋಗ್ಯಾದ. ಖರೇನ ಹೋಗ್ಯಾದೋ ಇಲ್ಲೋ ನೋಡ್ತೀನಿ ತಡಿ,” ಅಂತ ಕಣ್ಣು ಮುಚ್ಚಿದ್ಲು.

ತುಟಿ ಪ್ರಾರ್ಥನಿ ಮಾಡಾಕತ್ತಿದ್ವು. ಆಮ್ಯಾಲೆ ಅವೂ ನಿಂತ್ವು. ಮಾರಿ ಮ್ಯಾಲೆ ನೊಣ ಕುಂತ್ರೂ ರೆಪ್ಪಿ ಅಲುಗಲಿಲ್ಲ. ಎದಿ ಏರಿಳಿಯೋದೂ ಕಾಣಲಿಲ್ಲ. ಉಳಿ ಕೆಳಗಿಟ್ಟು ಬಗ್ಗಿದೆ.

“ಯವ್ವಾ! ಯವ್ವಾ!” ಅಂತ ಭುಜ ಹಿಡಿದು ಅಲುಗಾಡಿಸಿದೆ.

ಕಣ್ಣು ತೆರೀದನ ಅಂದ್ಲು: “ನನ್ನ ಎಬ್ಬಸಾಂವ ಬ್ಯಾರೆ ಅದಾನ. ನೀ ಮುಚ್ಚಳದ ಕೆಲಸ ಮುಗಸು.”

ಸಂಜಿ ಬಸ್ಸಿನ ಹೊತ್ತಿಗೆ ಎದ್ದು, “ಚಲೋ ನಿದ್ದಿ ಆತಪ” ಅಂತ ಹೋದ್ಲು. ಅವತ್ತಿಂದ ನಿದ್ದಿಗೆಟ್ಟಾಂವ ನಾನು.