ಹುಲಿಗವ್ವನ ರೊಟ್ಟಿಗೆ ಒಂದು ಸ್ಟಾರ್

ಹನುಮಸಾಗರದ ಹುಲಿಗವ್ವ ಅರವತ್ತು ದಾಟಿದರೂ ತನ್ನದು ಯಾವುದನ್ನೂ ಛಲೋ ಐತಿ ಎಂದವಳಲ್ಲ. ಎಮ್ಮೆ ಕೊಡ ತುಂಬ ಹಾಲು ಕೊಟ್ಟರೆ "ಏನೋ ಹಿಂಡತೈತಿ" ಎನ್ನುವಳು. ಗುಂಡುಗುಂಡಗಿರುವ ಮೊಮ್ಮಗಳನ್ನು ಯಾರಾದರೂ ಮುದ್ದಾಡಿದರೆ "ಕೂಳು ಮೈಗೆ ಹತ್ತವಲ್ದು, ಒಣಗ್ಯಾಳ" ಎಂದು ಮುಖ ಸಪ್ಪಗೆ ಮಾಡುವಳು. ಹೊಗಳಿದರೆ ದೃಷ್ಟಿ ತಾಗುತ್ತದೆ, ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವುದು ಇದಕ್ಕೇ ಎಂಬುದು ಅವಳ ಮಾತು. ಈ ವಿಷಯದಲ್ಲಿ ವಾದಕ್ಕಿಳಿದ ಗಂಡ ಹುಚ್ಚೀರಪ್ಪ ಎಂದೋ ಸೋತು ಊರಕಟ್ಟೆ ಸೇರಿದ್ದಾನೆ.

ಅವಳ ಹಿತ್ತಲಲ್ಲಿ ನಾಲ್ಕು ಒಲೆಗಳಿವೆ. ಅವಳೂ ಇನ್ನೂ ಮೂವರು ಹೆಂಗಸರೂ ಜೋಳದ ರೊಟ್ಟಿ ಬಡಿದು, ಖಡಕ್ ಮಾಡಿ, ಬುಟ್ಟಿ ತುಂಬುತ್ತಾರೆ. ಮೂವರಲ್ಲಿ ದ್ರಾಕ್ಷಾಯಿಣಿ ಹಳಬಳು, ಮೊದಲ ಒಲೆ ಹೂಡಿದಾಗಿನಿಂದ ಇದ್ದಾಳೆ. ಅವಳು ಬಡಿದ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಏಳುತ್ತದೆ. ಅದನ್ನು ನೋಡಿ ಹುಲಿಗವ್ವ ಹೇಳುವುದು ಒಂದೇ: "ಹ್ಞೂಂ, ಆತು. ಮುಂದಿಂದು ಬಡಿ." ಕುಷ್ಟಗಿಗೆ ರೊಟ್ಟಿ ಮಷೀನು ಬಂದ ಮೇಲೆ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ಅತ್ತ ಸರಿದಿದ್ದರು. ಹೊರಗಿನ ಗಿರಾಕಿ ಸಿಗದಿದ್ದರೆ ಮೂರು ಒಲೆ ಆರಿಸಿ, ಆ ಮೂವರನ್ನೂ ಹೊಲದ ಕಳೆ ತೆಗೆಯಲು ಕಳಿಸುವುದೊಂದೇ ದಾರಿ. ಹುಲಿಗವ್ವ ರಾತ್ರಿಯೆಲ್ಲ ಇದೇ ಲೆಕ್ಕ ಹಾಕುತ್ತಿದ್ದಳು.

ವೆಬ್‌ಸೈಟ್ ಮಾಡಿಸೋಣ ಎಂದವಳು ಸೊಸೆ ನೇತ್ರಾವತಿ. ಕುಷ್ಟಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅವಳ ಗೆಳತಿ ಶಮಾ, ಲ್ಯಾಪ್‌ಟಾಪ್ ಹಿಡಿದು ಬಂದು ಒಲೆಯ ಪಕ್ಕವೇ ಕೂತಳು.

"ನೋಡ್ರಿ ಅವ್ವಾರ, ಹುಬ್ಬಳ್ಳ್ಯಾಗ ಕುಂತಾಂವ ರೊಟ್ಟಿ ಅಂತ ಹುಡುಕಿದ್ರ ಸಾವಿರ ಅಂಗಡಿ ಬರ್ತಾವ. ಅದರಾಗ ನಾವು ಮ್ಯಾಲ ಕಾಣಬೇಕು. ಮಂದಿ ಏನಂತ ಹುಡುಕ್ತಾರೋ ಆ ಮಾತು ನಮ್ಮ ಸೈಟಿನ್ಯಾಗ ಇರಬೇಕು. 'ಕೈಲೆ ಬಡದ ಖಡಕ್ ರೊಟ್ಟಿ' ಅಂತ ಹಾಕೇನಿ, ಫೋಟೋನೂ ಹಾಕೇನಿ. ಇನ್ನ ತಿಂದವರು ಐದು ಸ್ಟಾರಿನ್ಯಾಗ ಎಷ್ಟಂತ ಕೊಟ್ಟು, ಎರಡು ಮಾತು ಬರೀಬೇಕು. ಅದನ್ನ ಓದೇ ಗಿರಾಕಿ ಫೋನ್ ಮಾಡೂದು."

"ಈ ಫೋಟೋ ಎಷ್ಟು ಮಂದಿ ನೋಡ್ತಾರವಾ?" ಹುಲಿಗವ್ವ ಕೇಳಿದಳು.

"ಇಡೀ ಜಗತ್ತು ನೋಡತೈತ್ರಿ."

ಹುಲಿಗವ್ವ ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟಳು. ಒಂದು ಓಣಿಯ ಕಣ್ಣು ತಡೆಯುವುದೇ ಕಷ್ಟ, ಇನ್ನು ಜಗತ್ತಿನ ಕಣ್ಣು ತಡೆಯುವುದು ಹೇಗೆ? "ಬರೆಸೂ ಕೆಲಸ ನನಗ ಬಿಡ್ರಿ" ಎಂದು ಸೆರಗು ಹೊದ್ದು ಹೊರಟೇಬಿಟ್ಟಳು. ಮನೆಮನೆಯ ಬಾಗಿಲಲ್ಲೂ ಅವಳದು ಒಂದೇ ಮಾತು: "ಫೋನಿನ್ಯಾಗ ನಮ್ಮ ರೊಟ್ಟಿಗೆ ಒಂದೀಟು ಕುಂದು ಹಚ್ಚಿ ಬರೀರಿ. ಜಗತ್ತು ನೋಡತೈತಂತ."

ಊರವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕಿರಾಣಿ ಅಂಗಡಿಯ ಅಯ್ಯಪ್ಪ "ಬರೇ ಸೀದ ರೊಟ್ಟಿ" ಎಂದು ಬರೆದು ಒಂದು ಸ್ಟಾರ್ ಒತ್ತಿದ. ಅವಳ ಸ್ವಂತ ತಂಗಿ "ದನಾ ಸುದ್ದಾ ಮೂಸಂಗಿಲ್ಲ" ಎಂದು ಬರೆಸಿದಳು. ಹುಚ್ಚೀರಪ್ಪನಂತೂ ರೊಟ್ಟಿ ತಿಂದು ಹಲ್ಲು ಮುರಿಯಿತೆಂದು ಹೇಳಿ ಬರೆಸಿದ. ಅವನ ಬಾಯಲ್ಲಿ ಮೊದಲೇ ಹಲ್ಲಿರಲಿಲ್ಲ ಎಂಬುದು ಬೇರೆ ಮಾತು. ಹುಲಿಗವ್ವನ ಮೇಲೆ ಯಾರಿಗೆ ಪ್ರೀತಿ ಹೆಚ್ಚೋ ಅವರ ಬೈಗುಳವೂ ಹೆಚ್ಚು.

ಐದು ಸ್ಟಾರ್ ಕೊಟ್ಟವಳು ಒಬ್ಬಳೇ, ಎದುರುಮನೆಯ ರೇಣುಕಾ. ಕೋಳಿಯ ಜಗಳದಲ್ಲಿ ಮಾತು ಬಿಟ್ಟವಳು. "ಇಂಥಾ ರೊಟ್ಟಿ ನಾ ಎಲ್ಲೂ ತಿಂದಿಲ್ಲ" ಎಂದು ಬರೆದಿದ್ದಳು. ಅದನ್ನು ಓದಿಸಿಕೊಂಡ ಹುಲಿಗವ್ವ ಕೆಂಡವಾದಳು.

"ನಮ್ಮನ್ನ ಹಾಳ ಮಾಡಾಕ ಹೊಂಟಾಳ" ಎಂದವಳೇ ಉಪ್ಪು, ಮೆಣಸಿನಕಾಯಿ ತಂದು ನೇತ್ರಾವತಿಯ ಫೋನಿಗೆ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲವಂತೆ. "ನೋಡ್ರಿ, ಘಾಟ ಇಲ್ಲ" ಎಂದು ಹುಲಿಗವ್ವ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದಳು. ಉಳಿದವರು ಕೆಮ್ಮುತ್ತ ಅಂಗಳಕ್ಕೆ ಓಡಿದ್ದರು.

ಮುಂದಿನ ವಾರ ಶಮಾ ಬಂದು ನೋಡಿ ತಲೆ ಹಿಡಿದುಕೊಂಡಳು. ಗಿರಾಕಿಯ ಫೋನ್ ಒಂದೂ ಬಂದಿರಲಿಲ್ಲ.

"ಹುಡುಕಿದವರಿಗೆ ನಾವು ಕಾಣಾಕತ್ತೀವಿ ಅವ್ವಾರ. ಕಂಡವರು ಇದನ್ನ ಓದಿ ಓಡಾಕತ್ತಾರ. ಇದು ಕಾಡಿಗಿ ಬೊಟ್ಟು ಅಂತ ದೂರ ಕುಂತವರಿಗೆ ಹೆಂಗ ತಿಳೀಬೇಕು? ಕೂಸಿನ ಮಾರೀನ ಕರಿ ಐತಿ ಅಂತಾರ."

ಹುಲಿಗವ್ವ ಮೂರು ಒಲೆಗಳ ಕಡೆ ನೋಡಿದಳು. ಕಾಪಾಡಲು ಹೋಗಿ ತಾನೇ ಅವಕ್ಕೆ ನೀರು ಸುರಿದೆನೇನೋ ಎಂದು ಮೊದಲ ಸಲ ಅವಳಿಗೆ ಅಳುಕಾಯಿತು. ಬರೆದವರಿಂದ ಅಳಿಸಿಕೊಂಡು ಬರಲು ನೇತ್ರಾವತಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನ್ ಬಂತು. ಹುಬ್ಬಳ್ಳಿಯ ಹಾಸ್ಟೆಲುಗಳಿಗೆ ಅಡುಗೆ ಕಳಿಸುವ ದಾದೇಸಾಬ ಎಂಬವರು. ನೇತ್ರಾವತಿ ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿದಳು.

"ಫೋಟೋದಾಗ ರೊಟ್ಟಿ ಛಲೋ ಕಾಣ್ತಾವ್ರಿ. ಓದಿದ್ರ ಎಲ್ಲಾರೂ ಬೈದಾರ. ಬೈದವರೂ ನಿಮ್ಮೂರವರ ಅದಾರ. ಏನಿದು ಅಂತ ಕೇಳೂಣಂತ ಫೋನ್ ಮಾಡಿದೆ. ಮಾಡೂ ಅವ್ವಾರಿಗೆ ಕೊಡ್ರಿ. ಅವ್ವಾ, ನೀವ ಹೇಳ್ರಿ, ನಿಮ್ಮ ರೊಟ್ಟಿ ಹೆಂಗ ಅದಾವ?"

"ಏನೋ ಅದಾವ" ಎಂಬ ಮಾತು ಹುಲಿಗವ್ವನ ನಾಲಗೆಯ ತುದಿಗೆ ಬಂದಿತ್ತು. ಒಲೆಗಳ ಮುಂದೆ ಬಡಿಯುವ ಸದ್ದು ನಿಂತಿತು. ದ್ರಾಕ್ಷಾಯಿಣಿ ಹಿಟ್ಟಿನ ಕೈ ಹಾಗೇ ಹಿಡಿದು ನೋಡುತ್ತಿದ್ದಳು.

"ನನ್ನವು ಹೆಂಗೋ ಗೊತ್ತಿಲ್ಲರಿ" ಎಂದಳು ಹುಲಿಗವ್ವ. "ಆದ್ರ ನಮ್ಮ ದ್ರಾಕ್ಷಾಯಿಣಿ ಬಡದ ರೊಟ್ಟಿ ಭಾಳ ಛಲೋ ಇರ್ತಾವ. ಅಂಥಾ ಕೈ ನಾ ಎಲ್ಲೂ ನೋಡಿಲ್ಲ. ಉಳಿದ ಇಬ್ಬರೂ ಆಕಿ ಕಡೇನ ಕಲ್ತಾರ."

"ಹಂಗಾದ್ರ ನಾಳಿ ಬಸ್ಸಿಗೆ ಎರಡು ಬುಟ್ಟಿ ಹಾಕ್ರಿ. ಮನಸಿಗೆ ಬಂದ್ರ ದಿನಾ ತಗೋತೀನಿ" ಎಂದು ದಾದೇಸಾಬ ಫೋನಿಟ್ಟರು.

ಶಮಾ, ನೇತ್ರಾವತಿ ಕೈ ಕೈ ಹಿಡಿದು ಕುಣಿದರು. ದ್ರಾಕ್ಷಾಯಿಣಿ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇಷ್ಟು ವರ್ಷ ನನ್ನ ಕೈಯಾಗ ಏನೋ ಐಬು ಐತಿ ಅಂತ ತಿಳಕೊಂಡಿದ್ದೆ ಅಕ್ಕ" ಎಂದಳು. "ಒಮ್ಮೆರ ಯಾಕ ಹೇಳಲಿಲ್ಲ?"

ಹುಲಿಗವ್ವ ಒಲೆಗೆ ಸುಮ್ಮನೆ ಒಂದು ಕಟ್ಟಿಗೆ ತುರುಕಿದಳು.

"ಹೇಳಿದ್ರ ನಿನಗ ಏನರ ಆದೀತು ಅಂತ ಅಂಜಿಕಿ ಇತ್ತವಾ."

ದ್ರಾಕ್ಷಾಯಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಂಚಿನ ಮೇಲೆ ಅವಳ ರೊಟ್ಟಿ ಸೀಯುತ್ತಿತ್ತು. ಹುಲಿಗವ್ವ ಅದನ್ನು ತಾನೇ ತೆಗೆದು ಬದಿಗಿಟ್ಟು, ಅವಳ ಪಕ್ಕದಲ್ಲಿ ಕೂತಳು.